ಬೀದಿ ಅಂಚಿನ ಗೇಟು, ಫೋನಿನೊಳಗಿನ ಗುಂಡಿ

ಜಯನಗರ, ಬನಶಂಕರಿ, ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ಹಳೆಯ ಒಂಟಿಮನೆ ಕೆಡವಿ, ಅದೇ ಸೈಟಿನಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ನಾಲ್ಕು ಮಹಡಿ ಎಬ್ಬಿಸುವುದು ಈಗ ಮಾಮೂಲು. ಇಂಥ ಮನೆಗಳ ಮುಂಭಾಗಕ್ಕೆ ಉದ್ದಾನುದ್ದ ಒಂದೇ ಸ್ಲೈಡಿಂಗ್ ಗೇಟು. ಅದಕ್ಕೊಂದು ಮೋಟಾರು, ಮೋಟಾರಿಗೊಂದು ರಿಮೋಟು, ಈಚೆಗೆ ಅದರ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ವೈಫೈ ಕಂಟ್ರೋಲರ್. ಫೋನಿನಲ್ಲಿ ಗುಂಡಿ ಒತ್ತಿದರೆ ಗೇಟು ಸರಿಯುತ್ತದೆ. ಒತ್ತುವವರು ಒಳಮನೆಯಲ್ಲಿದ್ದರೂ ಸರಿ, ಸಿಯಾಟಲ್‌ನಲ್ಲಿದ್ದರೂ ಸರಿ. ಈ ಏರ್ಪಾಡು ನನಗೆ ಇಷ್ಟ. ಆದರೆ ನಮ್ಮ ಬಡಾವಣೆಗಳಲ್ಲಿ ಅದನ್ನು ಕೂರಿಸುತ್ತಿರುವ ರೀತಿ ಆತಂಕ ಹುಟ್ಟಿಸುತ್ತದೆ.

ಈ ಏರ್ಪಾಡು ಬೆಳೆದದ್ದು ಅಮೆರಿಕದ ಗ್ಯಾರೇಜಿಗಾಗಿ. ಅಲ್ಲಿ ಗ್ಯಾರೇಜು ಮನೆಗೇ ಅಂಟಿಕೊಂಡ ಕೋಣೆ. ಬಾಗಿಲು ಮೇಲಕ್ಕೆ ಸರಿದು ಸೂರಿನಡಿ ಮಲಗುತ್ತದೆ. ಅದರ ಮುಂದೆ ಮನೆಯವರದೇ ದಾರಿ, ಆಮೇಲೆ ರಸ್ತೆ. ಅಷ್ಟಿದ್ದರೂ ಮಕ್ಕಳು ಇಳಿಯುವ ಬಾಗಿಲಿನಡಿ ಸಿಕ್ಕಿ ಸತ್ತದ್ದನ್ನು ಕಂಡು ಅಲ್ಲಿ ಕಾನೂನೇ ಆಯಿತು. 1993ರ ಜನವರಿ 1ರಿಂದ ತಯಾರಾಗುವ ಪ್ರತಿಯೊಂದು ಮನೆಬಳಕೆಯ ಗ್ಯಾರೇಜ್ ಮೋಟಾರಿನಲ್ಲೂ, ಬಾಗಿಲಿಗೆ ಯಾರಾದರೂ ಅಡ್ಡ ಬಂದರೆ ತಿಳಿದು ಹಿಂದೆ ಸರಿಯುವ ವ್ಯವಸ್ಥೆ ಇರಲೇಬೇಕು. ಬಾಗಿಲನ್ನು ನೋಡದೆ ದೂರದಿಂದಲೇ ಮುಚ್ಚುವ ಸೌಲಭ್ಯಕ್ಕೆ ಇನ್ನೊಂದು ಕಟ್ಟಳೆಯೂ ಇದೆ: ಬಾಗಿಲು ಚಲಿಸುವ ಮುನ್ನ ಕನಿಷ್ಠ 5 ಸೆಕೆಂಡು ದೀಪ ಮಿನುಗಬೇಕು, ಸದ್ದು ಕೇಳಿಸಬೇಕು.

ನಮ್ಮ 30x40 ಸೈಟಿನ ಗೇಟಿಗೂ ಬೀದಿಗೂ ನಡುವೆ ಇರುವುದು ಚರಂಡಿಯ ಮೇಲಿನ ಚಪ್ಪಡಿ ಮಾತ್ರ, ಅದೇ ಫುಟ್‌ಪಾತ್. ಬೆಳಗಾದರೆ ಗೇಟಿನ ಬುಡದಲ್ಲಿ ಬಗ್ಗಿ ರಂಗೋಲಿ ಬಿಡುವವರು, ಹಾಲಿನ ಪ್ಯಾಕೆಟ್ ಇಟ್ಟು ಹೋಗುವ ಹುಡುಗ, ಸ್ಕೂಲ್ ವ್ಯಾನಿಗೆ ಕಾಯುತ್ತ ಸರಳು ಹಿಡಿದು ನಿಂತ ಮಗು, ಕಾರಿನ ನೆರಳಿಗೆಂದು ಒಳನುಗ್ಗುವ ನಾಯಿ. ದಪ್ಪ ಶೀಟು ಹೊದೆಸಿದ ಅಗಲದ ಗೇಟು ನೂರಾರು ಕಿಲೋ ತೂಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಆಟದ ಮೈದಾನವೊಂದರ ಕಬ್ಬಿಣದ ಗೇಟು ಬಿದ್ದು ಹತ್ತು ವರ್ಷದ ಬಾಲಕ ತೀರಿಕೊಂಡಿದ್ದನ್ನು ಈ ಊರು ಮರೆಯಬಾರದು. ಆ ಗೇಟಿಗೆ ಮೋಟಾರು ಕೂಡ ಇರಲಿಲ್ಲ. ಇಂಥ ಭಾರವನ್ನು ಕಾಣದ ಕೈಯೊಂದು ಎಳೆಯುವಾಗ ಗೇಟಿನ ಹತ್ತಿರ ಯಾರಿದ್ದಾರೆ ಎಂದು ತಿಳಿಯುವ ಕಣ್ಣು ಇರಬೇಕು. ಆ ಕಣ್ಣೇ ಫೋಟೊಸೆಲ್. ಎರಡು ಕಂಬಗಳಲ್ಲಿ ಎದುರುಬದುರು ಕೂರುವ ಪುಟ್ಟ ಜೋಡಿ ಅದು. ನಡುವಿನ ಕಿರಣ ಕಡಿದರೆ ಮುಚ್ಚುತ್ತಿರುವ ಗೇಟು ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ಹೋಗುತ್ತದೆ.

ಮೋಟಾರಿನ ಬೋರ್ಡಿನಲ್ಲಿ ಫೋಟೊಸೆಲ್‌ಗೆಂದು ಎರಡು ಟರ್ಮಿನಲ್ ಇರುತ್ತವೆ. ಅಲ್ಲಿ ಏನೂ ಜೋಡಿಸದಿದ್ದರೆ ಹಲವು ಬೋರ್ಡುಗಳು ಗೇಟನ್ನು ಮುಚ್ಚಲು ಬಿಡುವುದಿಲ್ಲ. ಅದಕ್ಕಾಗಿ ಕೂರಿಸುವವರು ಫೋಟೊಸೆಲ್ ಬದಲು ಎರಡಕ್ಕೂ ಒಂದು ತುಂಡು ತಂತಿ ಸೇರಿಸಿ ಕೆಲಸ ಮುಗಿಸುತ್ತಾರೆ. ಆ ತುಂಡು ತಂತಿ ‘ದಾರಿ ಯಾವಾಗಲೂ ಖಾಲಿ’ ಎಂದು ಬೋರ್ಡಿಗೆ ಸುಳ್ಳು ಹೇಳುತ್ತಲೇ ಇರುತ್ತದೆ. ಫೋಟೊಸೆಲ್ ಹಾಕಿದ ಮನೆಗಳಲ್ಲೂ ಮಳೆಗಾಲದಲ್ಲಿ ಜೇಡ ಬಲೆ ಕಟ್ಟಿ ಗೇಟು ಅರ್ಧಕ್ಕೆ ನಿಲ್ಲತೊಡಗಿದರೆ, ಬಟ್ಟೆಯಿಂದ ಒರೆಸಿದ್ದರೆ ಸಾಕಾಗುವಲ್ಲಿ ತಂತಿಯನ್ನೇ ಸೇರಿಸಿಬಿಡುವುದುಂಟು. ಎದುರಿಗೆ ನಿಂತು ರಿಮೋಟ್ ಒತ್ತುವವರೆಗೆ ಮನುಷ್ಯನ ಕಣ್ಣಾದರೂ ಕಾವಲಿಗಿತ್ತು. ವೈಫೈ ಸೇರಿಸಿದಮೇಲೆ ಅದೂ ಇಲ್ಲ.

ಇದಕ್ಕಿಂತ ಮೆಲ್ಲಗೆ ಬರುವ ಅಪಾಯವೊಂದಿದೆ, ಅದು ನಮ್ಮ ಮರಗಳ ಜೊತೆಗೇ ಬರುತ್ತದೆ. ಬೇಸಗೆಯಲ್ಲಿ ಸಾಲುಮರದ ಹೊಂಗೆ ಹೂ ರಾಶಿರಾಶಿ ಉದುರಿ ಗೇಟಿನ ಹಳಿಯನ್ನು ತುಂಬುತ್ತದೆ. ಮೊದಲ ಮಳೆ ಬಿದ್ದರೆ ಅದರ ಮೇಲೆ ಕೆಸರು. ಚಕ್ರ ಬಿಗಿಯಾಗುತ್ತದೆ, ಮೋಟಾರು ಅಡ್ಡಿ ಇದೆಯೆಂದು ತಿಳಿದು ನಿಲ್ಲುತ್ತದೆ. ಅದು ಸರಿಯಾಗಿಯೇ ವರ್ತಿಸುತ್ತಿದೆ. ಆದರೆ ಕರೆಸಿದ ಮೆಕ್ಯಾನಿಕ್ ಪೊರಕೆ ಹಿಡಿಯುವ ಬದಲು ಬೋರ್ಡಿನಲ್ಲಿ ಎಳೆತದ ಬಲ ಹೆಚ್ಚಿಸುವ ಗುಂಡಿಯನ್ನು ಒಂದಿಷ್ಟು ತಿರುಗಿಸುತ್ತಾನೆ. ಗೇಟು ಓಡುತ್ತದೆ, ಮನೆಯವರಿಗೆ ಸಮಾಧಾನ. ಮರುವರ್ಷ ಇನ್ನಷ್ಟು. ಹೂವನ್ನು ತುಳಿದು ಹೋಗುವಷ್ಟು ಬಲ ಕೊಟ್ಟ ಗೇಟಿಗೆ ಮಗುವಿನ ಕಾಲೂ ಅಡ್ಡಿ ಎನಿಸುವುದಿಲ್ಲ. ಹಳಿ ಗುಡಿಸಿ, ಚಕ್ರಕ್ಕೆ ಗ್ರೀಸ್ ಹಚ್ಚಿ, ಮೋಟಾರನ್ನು ಕ್ಲಚ್ ಕೀಲಿಯಿಂದ ಬಿಡಿಸಿ ಗೇಟನ್ನು ಕೈಯಿಂದ ತಳ್ಳಿ ನೋಡಬೇಕು. ಒಂದೇ ಕೈಯಲ್ಲಿ ಸರಾಗವಾಗಿ ಸರಿಯದಿದ್ದರೆ ರಿಪೇರಿ ಬೇಕಿರುವುದು ಗೇಟಿಗೆ. ಆ ಕ್ಲಚ್ ಕೀಲಿ ಎಲ್ಲಿದೆಯೆಂದು ಮನೆಯಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. ಬ್ಯಾಟರಿ ಇಲ್ಲದ ಮೋಟಾರಾದರೆ ಕರೆಂಟು ಹೋದಾಗ ಹೊರಹೋಗುವ ದಾರಿ ಅದೊಂದೇ.

ಇನ್ನು ಕಂಟ್ರೋಲರಿನ ಮಾತು. ಬಹಳಷ್ಟು ಗೇಟ್ ಮೋಟಾರುಗಳು ಒಂದೇ ಗುಂಡಿಯಲ್ಲಿ ನಡೆಯುತ್ತವೆ: ಒಮ್ಮೆ ಒತ್ತಿದರೆ ತೆರೆ, ಮತ್ತೆ ಒತ್ತಿದರೆ ನಿಲ್ಲು, ಮತ್ತೆ ಒತ್ತಿದರೆ ಮುಚ್ಚು. ಕಂಟ್ರೋಲರ್ ಮಾಡುವುದು ಆ ಗುಂಡಿ ಒತ್ತುವ ಕೆಲಸವನ್ನಷ್ಟೇ. ಸೆನ್ಸರ್ ಇಲ್ಲದಿದ್ದರೆ ಗೇಟು ಎಲ್ಲಿದೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ತಾನು ಕಳಿಸಿದ ಆಜ್ಞೆಯನ್ನು ಲೆಕ್ಕ ಹಾಕಿ ‘ಮುಚ್ಚಿದೆ’ ಎಂದು ಆ್ಯಪ್ ತೋರಿಸುತ್ತದೆ. ನಡುವೆ ಯಾರೋ ರಿಮೋಟ್ ಒತ್ತಿದ್ದರೆ ಲೆಕ್ಕ ತಿರುಗುಮುರುಗು. ಆಫೀಸಿನಲ್ಲಿ ಕೂತು ‘ಮುಚ್ಚು’ ಎಂದವರ ಮನೆಯ ಗೇಟು ಆಗ ಹಾರುಹೊಡೆದು ನಿಲ್ಲುತ್ತದೆ. ಗೇಟಿನ ಎರಡೂ ಕೊನೆಗೆ ಅಯಸ್ಕಾಂತದ ರೀಡ್ ಸೆನ್ಸರ್ ಹಾಕಿದರೆ ಈ ತೊಂದರೆ ತೀರುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಅದನ್ನು ಬಿಟ್ಟು ಕೂರಿಸಿದ ಕಂಟ್ರೋಲರನ್ನು ನಾನು ಅಪೂರ್ಣ ಕೆಲಸವೆಂದೇ ಎಣಿಸುತ್ತೇನೆ, ಆ್ಯಪ್ ಎಷ್ಟೇ ಚೆಂದವಿರಲಿ.

ವೈರಿಂಗಿನಲ್ಲಿ ಆಗುವ ಅನಾಹುತಗಳು ಬೇರೆ. ದೀಪ, ಫ್ಯಾನಿಗೆ ಮಾಡಿದ ವೈಫೈ ಸ್ವಿಚ್ಚು ತನ್ನ ತುದಿಯಲ್ಲಿ 230 ವೋಲ್ಟ್ ಕೊಡುತ್ತದೆ. ಗೇಟಿನ ಬೋರ್ಡಿಗೆ ಬೇಕಾದದ್ದು ಡ್ರೈ ಕಾಂಟ್ಯಾಕ್ಟ್, ಅಂದರೆ ಕರೆಂಟಿಲ್ಲದೆ ಎರಡು ತಂತಿಗಳನ್ನು ಕ್ಷಣಮಾತ್ರ ಕೂಡಿಸಿ ಬಿಡುವ ರಿಲೇ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಬೋರ್ಡು ಸುಡುತ್ತದೆ. ಡ್ರೈ ಕಾಂಟ್ಯಾಕ್ಟೇ ತಂದರೂ ಅದನ್ನು ಅರ್ಧ ಸೆಕೆಂಡಿನ ಇಂಚಿಂಗ್‌ಗೆ, ಅಂದರೆ ಕೂಡಿಸಿ ತಾನಾಗಿಯೇ ಬಿಡುವಂತೆ, ಹೊಂದಿಸದಿದ್ದರೆ ರಿಲೇ ಹಿಡಿದುಕೊಂಡೇ ಇರುತ್ತದೆ. ಯಾರೋ ಗುಂಡಿಯ ಮೇಲೆ ಬೆರಳು ಒತ್ತಿಟ್ಟಿದ್ದಾರೆಂದು ಬೋರ್ಡು ತಿಳಿಯುತ್ತದೆ, ರಿಮೋಟಿಗೂ ಓಗೊಡದೆ ಕೂರುತ್ತದೆ. ಕರೆಂಟು ಬಂದಾಗ ರಿಲೇ ಯಾವ ಸ್ಥಿತಿಯಲ್ಲಿರಬೇಕು ಎಂಬ ಸೆಟ್ಟಿಂಗನ್ನು ‘ಆಫ್’ಗೆ ಇಡುವುದು ಇನ್ನೂ ಮುಖ್ಯ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ರಾತ್ರಿ ಹೋದ ಕರೆಂಟು ನಡುರಾತ್ರಿ ಮರಳಿದಾಗ, ಮನೆಯವರೆಲ್ಲ ಮಲಗಿರುವಂತೆಯೇ ಗೇಟು ತಾನಾಗಿ ತೆರೆದುಕೊಳ್ಳುವುದಕ್ಕೆ ಈ ಒಂದು ಸೆಟ್ಟಿಂಗ್ ತಪ್ಪಿದ್ದರೆ ಸಾಕು. ರೂಟರೂ ಕಂಟ್ರೋಲರೂ ಯುಪಿಎಸ್ ಲೈನಿನಲ್ಲಿದ್ದು ಮೋಟಾರು ಮಾತ್ರ ನೇರ ಲೈನಿನಲ್ಲಿದ್ದರೆ, ಕರೆಂಟಿಲ್ಲದಾಗ ಆ್ಯಪ್ ‘ತೆರೆದಿದೆ’ ಎನ್ನುತ್ತದೆ, ಗೇಟು ಕದಲಿರುವುದಿಲ್ಲ. ಬ್ಯಾಟರಿಯಿಂದ ನಡೆಯುವ 24 ವೋಲ್ಟ್ ಡಿಸಿ ಮೋಟಾರು ನಮ್ಮ ಊರಿಗೆ ಒಗ್ಗುವುದು ಅದಕ್ಕೇ.

ವೈಫೈ ಸಿಗ್ನಲ್ಲಿನ ತಕರಾರು ಹೆಚ್ಚು ಕೇಳಿಬಂದರೂ ಅದು ಚಿಕ್ಕದು. ಇಂಥ ಸಾಧನಗಳಲ್ಲಿ ಬಹುಪಾಲಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ರೂಟರಿನಲ್ಲಿ ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಮೊದಲ ಜೋಡಣೆ ತೊಡಕಾಗುತ್ತದೆ. ಹೆಸರು ಬೇರೆ ಮಾಡಿ. ಕಂಟ್ರೋಲರನ್ನು ಕಬ್ಬಿಣದ ಡಬ್ಬಿಯೊಳಗೆ ಇಡಬೇಡಿ. ಡಬ್ಬಿಯ ತೂತುಗಳನ್ನು ಮುಚ್ಚಿ, ಹಲ್ಲಿ ಇರುವೆ ಹೊಕ್ಕು ಬೋರ್ಡು ಶಾರ್ಟ್ ಆಗುವುದು ನಿಲ್ಲುತ್ತದೆ.

ಭದ್ರತೆಯ ವಿಷಯ ಇಷ್ಟು ಸಲೀಸಲ್ಲ. ಅಗ್ಗದ ರಿಮೋಟುಗಳು ಪ್ರತಿ ಸಲವೂ ಅದೇ ಸಂಕೇತ ಕಳಿಸುತ್ತವೆ. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಅಮೆರಿಕದ ತಜ್ಞ ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ ಅಂಥ ರಿಮೋಟಿನ ಗ್ಯಾರೇಜ್ ಬಾಗಿಲುಗಳನ್ನು ಸೆಕೆಂಡುಗಳಲ್ಲಿ ತೆರೆಯಬಹುದೆಂದು ತೋರಿಸಿದರು. ಆದ್ದರಿಂದ ಒತ್ತಿದಾಗಲೆಲ್ಲ ಸಂಕೇತ ಬದಲಾಗುವ ರೋಲಿಂಗ್ ಕೋಡ್ ರಿಮೋಟನ್ನೇ ಕೇಳಬೇಕು. 2023ರಲ್ಲಿ ನೆಕ್ಸ್ ಕಂಪನಿಯ ಗ್ಯಾರೇಜ್ ಕಂಟ್ರೋಲರುಗಳೆಲ್ಲ ಒಂದೇ ಪಾಸ್‌ವರ್ಡಿನಿಂದ ಸರ್ವರ್ ಜೊತೆ ಮಾತಾಡುತ್ತಿದ್ದುದು ಬಯಲಾಯಿತು. ಒಬ್ಬರ ಬಾಗಿಲನ್ನು ಪ್ರಪಂಚದ ಯಾವ ಮೂಲೆಯಿಂದಲಾದರೂ ಇನ್ನೊಬ್ಬರು ತೆರೆಯಬಹುದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಗ್ಯಾರೇಜ್ ಮೋಟಾರು ತಯಾರಿಸುವ ಚೇಂಬರ್ಲಿನ್ ಕಂಪನಿ, ಬಾಗಿಲನ್ನು ಫೋನಿನಿಂದ ನಡೆಸುವ ತನ್ನ ಮೈಕ್ಯೂ ಸೇವೆಗೆ ಹೊರಗಿನ ಸಾಫ್ಟ್‌ವೇರುಗಳ ಸಂಪರ್ಕ ಕಡಿದಾಗ, ಅದನ್ನೇ ನಂಬಿ ಮನೆಯ ಏರ್ಪಾಡು ಮಾಡಿಕೊಂಡಿದ್ದವರು ರಾತ್ರೋರಾತ್ರಿ ಕೈಚೆಲ್ಲಿದರು. ಇಂಟರ್ನೆಟ್ ಇಲ್ಲದಿದ್ದರೂ ಮನೆಯ ವೈಫೈ ಒಳಗೇ ನಡೆಯುವ ಸಾಧನಕ್ಕೆ ನನ್ನ ಮೊದಲ ಮತ ಇರುವುದು ಇದರಿಂದ. ಇನ್ನೊಂದು ಸೂಕ್ಷ್ಮವಿದೆ: ಅಲೆಕ್ಸಾಗೆ ಗ್ಯಾರೇಜ್ ಬಾಗಿಲು ತೆರೆ ಎಂದರೆ ಅದು ಪಿನ್ ಕೇಳುತ್ತದೆ. ಆದರೆ ನಮ್ಮಲ್ಲಿ ಸಾಮಾನ್ಯ ರಿಲೇಯನ್ನು ‘ಸ್ವಿಚ್’ ಎಂದೇ ಸೇರಿಸಿಬಿಡುವುದರಿಂದ ಆ ಕಾವಲು ಹೋಗುತ್ತದೆ. ಕಿಟಕಿಯ ಹೊರಗೆ ನಿಂತು ಕೂಗಿದವರಿಗೂ ಗೇಟು ತೆರೆಯಬಹುದು.

ಇಷ್ಟೆಲ್ಲ ಹೇಳಿಯೂ ಈ ಸಾಧನ ಬೇಡ ಎನ್ನಲಾರೆ. ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಅಪ್ಪ ಅಮ್ಮ ಮಾತ್ರ. ವಾಕರ್ ಹಿಡಿದು ನಡೆಯುವ ತಂದೆ ಫಿಸಿಯೋಥೆರಪಿಯವರು ಬಂದಾಗ ಮೆಟ್ಟಿಲಿಳಿದು ಗೇಟು ಎಳೆಯಬೇಕಾಗಿಲ್ಲ. ರಾತ್ರಿ ಹತ್ತಾದರೂ ಗೇಟು ತೆರೆದೇ ಇದ್ದರೆ ಫೋನಿಗೆ ಸುದ್ದಿ ಬರುತ್ತದೆ. ರಾತ್ರಿ ಮೈ ಹುಷಾರಿಲ್ಲದಾದರೆ ಹೊರದೇಶದ ಮಗಳು ಅಲ್ಲಿಂದಲೇ ಆಂಬ್ಯುಲೆನ್ಸಿಗೆ ಗೇಟು ತೆರೆದುಕೊಡಬಹುದು. ಇದು ಸಣ್ಣ ಉಪಕಾರವಲ್ಲ. ಗಮನಿಸಿ, ಈ ಮೂರರಲ್ಲಿ ಒಂದಕ್ಕೂ ದೂರದಿಂದ ಗೇಟು ಮುಚ್ಚುವ ಸೌಲಭ್ಯ ಬೇಕಿಲ್ಲ. ದೂರದಿಂದ ತೆರೆಯಲಿ, ತೆರೆದಿದೆಯೋ ಮುಚ್ಚಿದೆಯೋ ತಿಳಿಯಲಿ. ಮುಚ್ಚುವುದನ್ನು ಗೇಟು ಕಣ್ಣಿಗೆ ಕಾಣುವವರಿಗೆ ಬಿಡೋಣ. ಎರಡೂ ಬದಿ ಫೋಟೊಸೆಲ್, ಮಿನುಗುವ ದೀಪ, ಸದ್ದು ಇರುವ ಮನೆಗಳಿಗೆ ಮಾತ್ರ ಈ ಮಾತಿನಿಂದ ವಿನಾಯಿತಿ.

ನಿಮ್ಮ ಮನೆಯಲ್ಲಿ ಇಂಥ ಗೇಟಿದ್ದರೆ ಈ ಭಾನುವಾರ ಒಂದು ರಟ್ಟಿನ ಪೆಟ್ಟಿಗೆಯನ್ನು ಅದರ ದಾರಿಯಲ್ಲಿ, ಮಗುವಿನ ಮೊಣಕಾಲಿನ ಎತ್ತರಕ್ಕೆ ಬರುವಂತೆ ಇಟ್ಟು, ಮಕ್ಕಳನ್ನು ದೂರ ನಿಲ್ಲಿಸಿ, ಫೋನಿನಿಂದ ಗೇಟು ಮುಚ್ಚಿ ನೋಡಿ. ಪೆಟ್ಟಿಗೆ ಜಜ್ಜಿಹೋದರೆ ಆ್ಯಪಿನಿಂದ ಮುಚ್ಚುವ ಗುಂಡಿಯನ್ನು ಅಂದೇ ತೆಗೆಸಿ, ಬೋರ್ಡಿನ ತುಂಡು ತಂತಿ ಬಿಚ್ಚಿಸಿ ಫೋಟೊಸೆಲ್ ಹಾಕಿಸಿ. ಕೂರಿಸಿಕೊಟ್ಟವರನ್ನು ಮತ್ತೆ ಕರೆಸಿ. ಉಳಿದ ಹಣ ಇನ್ನೂ ಕೊಟ್ಟಿಲ್ಲವಾದರೆ, ಪೆಟ್ಟಿಗೆಯ ಮುಂದೆ ಗೇಟು ನಿಂತ ಮೇಲೆ ಕೊಡಿ.