ಓದುವ ದನಿಯ ಧರ್ಮ

ಅಂಧರಿಗಾಗಿ ಗ್ರಂಥಗಳನ್ನು ಓದಿ ಧ್ವನಿಮುದ್ರಿಸುವ ಕಾರ್ಯವನ್ನು ಲೋಕವು ಬಹುಮಟ್ಟಿಗೆ ಪರೋಪಕಾರವೆಂದೇ ಎಣಿಸುತ್ತ ಬಂದಿದೆ. ಉಪಕಾರವೆಂದ ಮೇಲೆ ಅದರ ಗುಣದೋಷಗಳನ್ನು ಪರೀಕ್ಷಿಸುವುದು ಸೌಜನ್ಯವಲ್ಲವೆಂಬ ಭಾವನೆಯೂ ಬೆಳೆಯುತ್ತದೆ. ಆದರೆ ಕೇಳುವವನ ಪಾಲಿಗೆ ಆ ದನಿಯೇ ಹಾಳೆ, ಆ ದನಿಯೇ ಅಕ್ಷರ. ಮುದ್ರಣದೋಷವನ್ನು ಕ್ಷಮಿಸದ ವಿಮರ್ಶಕನು ವಾಚನದೋಷವನ್ನು ಮಾತ್ರ ದಯೆಯ ಹೆಸರಿನಲ್ಲಿ ಮನ್ನಿಸುವುದು ನ್ಯಾಯವಲ್ಲ. ಓದುವ ದನಿಗೂ ಒಂದು ಧರ್ಮವುಂಟು. ಅದನ್ನು ವಿಚಾರಿಸುವುದು ಸಾಹಿತ್ಯವಿಮರ್ಶೆಯ ಹೊಣೆಯೇ ಆಗಿದೆ.

ಈ ಬಯಕೆ ಯಂತ್ರದಷ್ಟೇ ಹಳೆಯದು. 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದ ಎಡಿಸನ್ನನು, ಮರುವರ್ಷ ಅದರ ಪ್ರಯೋಜನಗಳನ್ನು ಪಟ್ಟಿಮಾಡುವಾಗ, ಅಂಧರೊಡನೆ ಮಾತನಾಡುವ ಪುಸ್ತಕಗಳನ್ನು ಎರಡನೆಯದಾಗಿ ಹೆಸರಿಸಿದ್ದನು. ಆದರೆ ಅಂದಿನ ಯಂತ್ರದಲ್ಲಿ ಕೆಲವೇ ನಿಮಿಷಗಳ ಮಾತು ಹಿಡಿಯುತ್ತಿತ್ತು. ನಿಧಾನವಾಗಿ ತಿರುಗುವ ತಟ್ಟೆಗಳು ಸಿದ್ಧವಾದ ಬಳಿಕ, 1934ರಲ್ಲಿ ಅಮೆರಿಕದಲ್ಲಿಯೂ 1935ರಲ್ಲಿ ಇಂಗ್ಲೆಂಡಿನಲ್ಲಿಯೂ ‘ಮಾತನಾಡುವ ಪುಸ್ತಕ’ಗಳು ಅಂಧರ ಕೈಸೇರಿದವು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು, ಬ್ರೈಲ್ ಚುಕ್ಕೆಗಳನ್ನು ಬೆರಳಿಗೆ ಒಗ್ಗಿಸಿಕೊಳ್ಳಲಾರದೆ ಹೋದ ಯೋಧರಿಗೆ ಇವು ಮರಳಿ ದೊರೆತ ಗ್ರಂಥಾಲಯವಾದವು.

ಇಂಗ್ಲೆಂಡಿನ ಆ ಮೊದಲ ತಟ್ಟೆಗಳಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿ ಸೇರಿದ್ದುದು ಅರ್ಥಪೂರ್ಣವಾದ ಯೋಗಾಯೋಗ. 1926ರ ಈ ಕೃತಿಯಲ್ಲಿ ಕಥೆ ಹೇಳುವವನೇ ಕೊಲೆಗಾರ. ಕೊನೆಯ ಪ್ರಕರಣಗಳವರೆಗೆ ಆ ಗುಟ್ಟು ಉಳಿಯುವುದು ಅವನ ಮಾತಿನ ಸಹಜತೆಯಿಂದ. ವಾಚಕನಿಗೆ ಎಲ್ಲವೂ ಗೊತ್ತು. ಆದರೂ ಗೊತ್ತಿಲ್ಲದವನಂತೆ ಓದಬೇಕು. ಒಂದೆಡೆ ದನಿ ತುಸು ಅಳುಕಿದರೂ ಕಾದಂಬರಿ ಮುಗಿದಂತೆಯೇ. ಅಭಿನಯಿಸಿ ಓದಬೇಕೆ, ಸಮವಾಗಿ ಓದಬೇಕೆ ಎಂಬ ಚರ್ಚೆ ಆ ಕಾಲದಿಂದಲೂ ನಡೆದಿದೆ. ಸಮವಾದ ಓದು ಎಂದರೆ ಜೀವವಿಲ್ಲದ ಓದಲ್ಲ. ತೀರ್ಪನ್ನು ಶ್ರೋತೃವಿಗೆ ಬಿಟ್ಟುಕೊಡುವ ಓದು ಎಂಬುದು ಈ ಒಂದು ನಿದರ್ಶನದಿಂದಲೇ ಸ್ಪಷ್ಟವಾಗುತ್ತದೆ.

ಕನ್ನಡಿಗರಿಗೆ ಕಾವ್ಯವನ್ನು ಕಿವಿಯಿಂದ ಸವಿಯುವುದು ಹೊಸತಲ್ಲ. ಕುಮಾರವ್ಯಾಸನನ್ನು ಗಮಕಿಯ ಬಾಯಿಂದ ಕೇಳಿಯೇ ಅರಿತ ತಲೆಮಾರುಗಳೆಷ್ಟೋ. ಗಮಕಿಯು ಭಾವಕ್ಕೆ ತಕ್ಕ ರಾಗವನ್ನು ಆರಿಸುತ್ತಾನೆ. ಆ ಆಯ್ಕೆಯೂ ಒಂದು ವ್ಯಾಖ್ಯಾನವೇ. ಹಾಗಿದ್ದರೂ ಪರಂಪರೆಯು ವಾಚನಕ್ಕೊಬ್ಬನನ್ನೂ ವ್ಯಾಖ್ಯಾನಕ್ಕೊಬ್ಬನನ್ನೂ ಕೂರಿಸಿ, ಕವಿಯ ಮಾತು ಯಾವುದು, ವಿವರಣೆ ಯಾವುದು ಎಂಬ ಗೆರೆಯನ್ನು ಉಳಿಸಿತು. ಧ್ವನಿಮುದ್ರಿತ ಗ್ರಂಥದಲ್ಲಿ ಇರುವುದು ಒಂದೇ ದನಿ. ರನ್ನನ ದುರ್ಯೋಧನನು ರಣರಂಗದಲ್ಲಿ ಬಂಧುಗಳ ಹೆಣಗಳ ನಡುವೆ ಮರುಗುವ ಭಾಗವನ್ನು ಒರಟು ಕಂಠದಲ್ಲಿ ಖಳನ ಅಳಲೆಂಬಂತೆ ಓದಿದರೆ, ಆ ಪಾತ್ರದ ಘನತೆಯನ್ನು ಕುರಿತ ದೊಡ್ಡ ಪ್ರಶ್ನೆಯೊಂದನ್ನು ವಾಚಕನು ಶ್ರೋತೃವಿನ ಪರವಾಗಿ ತಾನೇ ತೀರ್ಮಾನಿಸಿದಂತಾಗುತ್ತದೆ. ಬೇರೆ ಪ್ರತಿಯಿಲ್ಲದ ಶ್ರೋತೃವು ಆ ತೀರ್ಪನ್ನೇ ಕಾವ್ಯವೆಂದು ನಂಬಬೇಕಾಗುತ್ತದೆ.

ಹಳಗನ್ನಡದಲ್ಲಿ ಇನ್ನೂ ಒಂದು ತೊಡಕುಂಟು. ಸಂಧಿಯಲ್ಲಿ ಬೆಸೆದ ಪದಗಳನ್ನು ಎಲ್ಲಿ ಬಿಡಿಸಿ ಉಸಿರು ನಿಲ್ಲಿಸಬೇಕೆಂಬುದರ ಮೇಲೆ ಅರ್ಥವೇ ನಿಂತಿದೆ. ಉಚ್ಚಾರಣೆಯ ಮಾತೂ ಹಾಗೆಯೇ: ‘ಆದರ’ವು ‘ಹಾದರ’ವಾದರೆ, ‘ಹಕ್ಕಿ’ಯು ‘ಅಕ್ಕಿ’ಯಾದರೆ, ಕಣ್ಣುಳ್ಳವನು ಪುಟ ನೋಡಿ ತಿದ್ದಿಕೊಂಡಾನು, ಅಂಧ ಶ್ರೋತೃವಿಗೆ ಆ ಅವಕಾಶವಿಲ್ಲ. ಈಗ ಗಣಕದ ಕೃತಕ ದನಿಯೂ ಕನ್ನಡವನ್ನು ಓದುತ್ತದೆ. ಅದಕ್ಕೆ ಛಂದಸ್ಸಿನ ನಡೆ ತಿಳಿಯದು. ಆದರೆ ಪಕ್ಷಪಾತವೂ ಇಲ್ಲ. ಬೇಕಾದಲ್ಲಿ ನಿಲ್ಲಿಸಿ, ಪದವನ್ನು ಅಕ್ಷರಶಃ ಬಿಡಿಸಿ ಕೇಳುವ ಸ್ವಾತಂತ್ರ್ಯವನ್ನು ಅದು ಕೊಡುತ್ತದೆ. ಮಧುರಕಂಠದ ಅಜಾಗರೂಕ ವಾಚಕನಿಗಿಂತ ಈ ನೀರಸ ಯಂತ್ರವನ್ನೇ ಒಬ್ಬ ಅಂಧ ವಿದ್ಯಾರ್ಥಿಯು ಮೆಚ್ಚಿದರೆ, ಅದನ್ನು ರಸಹೀನತೆಯೆನ್ನಲಾಗದು.

ಪತ್ರಿಕೆಗಳ ವಾಚನದಲ್ಲಿ ಆಯ್ಕೆಯ ಪ್ರಶ್ನೆ ಏಳುತ್ತದೆ. 1969ರ ಜನವರಿ 2ರಂದು ಅಮೆರಿಕದ ಮಿನೆಸೋಟಾದಲ್ಲಿ ಆರಂಭವಾದ ‘ರೇಡಿಯೋ ಟಾಕಿಂಗ್ ಬುಕ್’ ಸೇವೆಯು ವಿಶೇಷ ರೇಡಿಯೋ ಪೆಟ್ಟಿಗೆಗಳ ಮೂಲಕ ಅಂದಂದಿನ ಪತ್ರಿಕೆಗಳನ್ನೂ ಅಂಧರ ಮನೆಗೆ ಮುಟ್ಟಿಸಿತು. ಗೊತ್ತಾದ ಹೊತ್ತಿನಲ್ಲಿ ಪತ್ರಿಕೆಯೆಲ್ಲವನ್ನೂ ಓದಲಾಗದು. ಬಿಟ್ಟದ್ದು ಏನೆಂಬುದು ಓದಿದವನಿಗಷ್ಟೇ ಗೊತ್ತು. ಬಿಟ್ಟೆನೆಂದು ಹೇಳಿ ಬಿಡುವುದು ಪ್ರಾಮಾಣಿಕತೆ. ಹೇಳದೆ ಬಿಡುವುದು ಒಂದು ಬಗೆಯ ನಿರ್ಬಂಧ.

ಕಾನೂನಿನ ಅಡ್ಡಿ ಬಹುಮಟ್ಟಿಗೆ ತೊಲಗಿದೆ. 2012ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯ ಶಾಸನವು ಲಾಭದ ಉದ್ದೇಶವಿಲ್ಲದೆ ಇಂತಹ ರೂಪಾಂತರ ಮಾಡಲು ಅವಕಾಶವಿತ್ತಿತು. 2013ರ ಮರಕೇಶ್ ಒಪ್ಪಂದವನ್ನು ಮೊದಲು ಸ್ಥಿರೀಕರಿಸಿದ ದೇಶವೂ ಭಾರತವೇ. ಈಗ ಬೇಕಾಗಿರುವುದು ಬಲ್ಲ ವಾಚಕರು. ಹೊರನಾಡಿನಲ್ಲಿ ಈ ಕೊರತೆ ಹೆಚ್ಚು ನೋಯಿಸುತ್ತದೆ: ನೆರೆಯವರ ಭಾಷೆ ಬೇರೆ, ಮನೆಯ ಮಕ್ಕಳಿಗೆ ಲಿಪಿ ಬಾರದು, ಕಣ್ಣು ಮಂದವಾದ ಹಿರಿಯನ ಕಪಾಟಿನಲ್ಲಿ ಕನ್ನಡ ಪುಸ್ತಕಗಳು ಹಾಗೆಯೇ ಉಳಿಯುತ್ತವೆ. ಅಂಥವರಿಗಾಗಿ ಓದಲು ಮುಂದಾಗುವ ಸಂಘಗಳು ಕಂಠಮಾಧುರ್ಯಕ್ಕಿಂತ ಮೊದಲು ಮೂರನ್ನು ಬಯಸಬೇಕು: ಶುದ್ಧವಾದ ಉಚ್ಚಾರಣೆ, ಅರ್ಥವರಿತ ಪದವಿಭಾಗ, ಪುಟದಲ್ಲಿರುವುದನ್ನು ಇದ್ದಂತೆಯೇ ತಲುಪಿಸುವ ನಿಷ್ಠೆ. ಇವು ಇದ್ದಲ್ಲಿ ಆ ಹಿರಿಯನು ಅನುಕಂಪದ ಪಾತ್ರನಾಗಿ ಉಳಿಯದೆ, ಕೃತಿಯನ್ನು ಒಪ್ಪಲೂ ಅಲ್ಲಗಳೆಯಲೂ ಸ್ವತಂತ್ರನಾದ ಓದುಗನಾಗುತ್ತಾನೆ.