ಕವುಚಿದ ದೋಣಿಗೆ ಎರಡು ಚಕ್ರ

ಮೊಬೈಲಿನ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ ಮೇಲೆ ಕೋಟೆಪುರದ ದೋಣಿ ಕೆಲಸದವರು ಕೇಳಿದರು: “ಇದೆಂತ ಮಾರಾಯ್ರೆ, ದೋಣಿ ಕವುಚಿ ಹಾಕಿ ಚಕ್ರ ಇಟ್ಟದ್ದಾ?”

ಬೋಲರ್ ಟ್ರೈಲರಿಗೆ ಇದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಕೇಳಿಲ್ಲ. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ಎಂಬಾತ ಮಾಡಿದ, ಹದಿಮೂರು ಅಡಿ ಉದ್ದದ ಪುಟ್ಟ ಗಾಲಿಮನೆ ಅದು. ಫೈಬರಿನ ಎರಡು ಚಿಪ್ಪು, ಮೇಲೊಂದು ಕೆಳಗೊಂದು. ಅವು ಕೂಡುವಲ್ಲಿ ಸುತ್ತಲೂ ಒಡ್ಯಾಣದಂತೆ ಒಂದು ಪಟ್ಟಿ. ಒಲೆಕೊ ಅದಕ್ಕೂ ಮೊದಲು ರೂಪಿಸಿದ್ದು ಫೈಬರಿನ ಸೆಪ್ಟಿಕ್ ಟ್ಯಾಂಕು! ಒಳಗಿನದು ಹೊರಗೆ ಬಾರದಂತೆ ಮಾಡುವ ವಿದ್ಯೆಯನ್ನು ಹೊರಗಿನದು ಒಳಗೆ ಬಾರದ ಹಾಗೆ ತಿರುಗಿಸಿಕೊಂಡ. ಗುಂಡನೆಯ ಬೋಲರ್ ಟೋಪಿಯ ಹಾಗೆ ಕಂಡದ್ದರಿಂದ ಹೆಸರೂ ಅದೇ ಆಯಿತು.

ಅಕ್ಕ, ಭಾವ ಇರುವುದು ಕೆನಡಾದಲ್ಲಿ. ಅವರ ಹಳೆಯ ಬೋಲರಿನಲ್ಲಿ ಎರಡು ರಾತ್ರಿ ಮಲಗಿದಂದಿನಿಂದ ನನಗೆ ಈ ಹುಚ್ಚು. ಉಳ್ಳಾಲದಿಂದ ಹೊರಟು ಒಮ್ಮೆ ಬೇಕಲದ ಕಡೆಗೆ, ಒಮ್ಮೆ ಮರವಂತೆಯ ಕಡೆಗೆ, ಧೈರ್ಯ ಬಂದರೆ ಚಾರ್ಮಾಡಿ ಹತ್ತಿ ಮೂಡಿಗೆರೆಗೆ, ಕಾರಿನ ಬೆನ್ನಿಗೆ ಕಟ್ಟಿಕೊಂಡು ಹೋಗುವಂಥದ್ದೊಂದು ಬೇಕು. ನಮ್ಮಲ್ಲಿ ಕ್ಯಾರವಾನ್ ಎಂದರೆ ಸಿನಿಮಾ ನಟರ ಬಸ್ಸು. ತಲಪಾಡಿಯ ಆಚೆ ಕೇರಳದವರು 2021ರಲ್ಲಿ ‘ಕೇರವಾನ್’ ಎಂದು ಹೆಸರಿಟ್ಟು ಪ್ರವಾಸದ ಯೋಜನೆಯನ್ನೇ ಮಾಡಿದರು. ನನಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ. ತೊಕ್ಕೊಟ್ಟಿನಿಂದ ಒಳಗೆ ಬಂದು, ಎರಡೂ ಬದಿಯ ಕೆಂಪುಕಲ್ಲಿನ ಪಾಗಾರಕ್ಕೆ ತಾಗದೆ ನಮ್ಮ ಓಣಿಯಲ್ಲಿ ತಿರುಗಬೇಕು. ಅಂಗಳದ ತೆಂಗಿನಮರದಿಂದ ಸ್ವಲ್ಪ ದೂರ, ಕಾಯಿ ಬೀಳದ ಕಡೆ, ನಿಲ್ಲಬೇಕು.

ಟೆಂಟು ಬೇಡವೆಂದು ಮಳೆಯೇ ತೀರ್ಮಾನಿಸಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಸುರಿಯುವ ಊರಿನಲ್ಲಿ ಬಟ್ಟೆಯ ಗೋಡೆಯ ಮಾತೆತ್ತಿದರೆ ಅಮ್ಮ ನಗುತ್ತಾಳೆ. ಗಟ್ಟಿ ಗೋಡೆಯೇ ಆಗಬೇಕು. ಆದರೆ ಯಾವುದರ ಗೋಡೆ? ಕಬ್ಬಿಣದ ತಗಡು ಕಡಲ ಗಾಳಿಗೆ ನಿಲ್ಲದು. ನಮ್ಮ ಗೇಟಿನ ಬಿಜಾಗ್ರಿಯನ್ನು ನೋಡಿದರೆ ಸಾಕು. ಪ್ಲೈವುಡ್ ಆಟಿ ತಿಂಗಳಲ್ಲಿ ಉಬ್ಬಿ ಬಾಗಿಲು ಹಾಕಲು ಬಿಡದು. ಅಲ್ಯೂಮಿನಿಯಂ ಚೆಲುವೆ, ಒಪ್ಪುತ್ತೇನೆ. ವಿಮಾನದ ಮೈಯಂತೆ ರಿವೆಟ್ ಹೊಡೆದ ಏರ್‌ಸ್ಟ್ರೀಮ್ ಟ್ರೈಲರು ಬಿಸಿಲಿಗೆ ನಿಂತಾಗ ಆಕಾಶವೇ ಅದರ ಮೇಲೆ ಬಾಗಿ ಮಲಗಿರುತ್ತದೆ. ಆದರೆ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಮತ್ತು ಕಬ್ಬಿಣದ ತಿರುಪು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಆ ಜಾಗ ಮೆಲ್ಲಗೆ ಸವೆಯುತ್ತ ಬಿಳಿ ಹುಡಿಯಾಗುತ್ತದೆ. ಸೋಮೇಶ್ವರದ ಕಡಲಿಗೆ ಚೆಲುವೆಯರ ಮೇಲೆ ಕರುಣೆಯಿಲ್ಲ.

ಹಾಗಾಗಿ ಫೈಬರು. ಅದು ನಮ್ಮ ದಡದ್ದೇ ವಸ್ತು. ಮೌಲ್ಡಿಗೆ ಮೇಣ ತಿಕ್ಕಿ, ಬಣ್ಣದ ಜೆಲ್‌ಕೋಟ್ ಬಳಿದು, ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಕುಡಿಸುತ್ತ ರೋಲರ್ ಎಳೆಯುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮೂಗು ಚುರ್ರೆನ್ನುತ್ತದೆ, ಆದರೂ ಕಾಲು ಕೀಳಲು ಮನಸ್ಸು ಬರುವುದಿಲ್ಲ. ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿದ ಕೂಡಲೇ ನೆನೆದ ಅವಲಕ್ಕಿಯಂತೆ ಮೆತ್ತಗಾಗಿ, ಪಾರದರ್ಶಕವಾಗಿ, ಅಚ್ಚಿನ ಬಾಗಿಗೆ ಬಾಗಿ ಕೂರುತ್ತದೆ. ಚೂಪು ಮೂಲೆಗೆ ಮಾತ್ರ ಅದು ಒಲ್ಲದು, ಅಲ್ಲಿ ಎದ್ದು ನಿಂತು ಒಳಗೆ ಗಾಳಿ ಉಳಿಸಿಕೊಳ್ಳುತ್ತದೆ. “ಮೂಲೆ ಇಟ್ಟಲ್ಲಿ ಬಿರುಕು ಗ್ಯಾರಂಟಿ,” ಎಂದರು ದೋಣಿಯವರು. ಬೋಲರಿನ ಆ ಮೊಟ್ಟೆಯ ಮೈಕಟ್ಟು ಅಂದಕ್ಕೆ ಮಾತ್ರ ಬಂದದ್ದಲ್ಲ, ವಸ್ತುವೂ ಕೇಳಿ ಪಡೆದದ್ದು ಎಂದು ನನಗೆ ಹೊಳೆದದ್ದು ಆಗಲೇ.

ಮೊಟ್ಟೆಯೊಳಗೆ ಮಲಗುವ ಸುಖವೇ ಬೇರೆ. ಕೋನಗಳಿಲ್ಲದ ಕೋಣೆಯಲ್ಲಿ ಕಣ್ಣು ಎಲ್ಲಿಯೂ ತಡೆಯದೆ ತಿರುಗಿ ಬರುತ್ತದೆ. ಮಂಗಳೂರು ಹೆಂಚಿನ ಮೇಲೆ ಮಳೆ ಗುಂಪು ಗುಂಪಾಗಿ ಮಾತಾಡಿದರೆ ಅಲ್ಲಿ ಹನಿಹನಿಯ ಸದ್ದೂ ಬೇರೆ ಬೇರೆ, ಕಿವಿಯಿಂದ ಒಂದು ಮೊಳ ದೂರದಲ್ಲಿ. ಹಳೆಯ ಬೋಲರಿನ ಕಿಟಕಿಯಂತೂ ನನ್ನನ್ನು ಮನೆಗೇ ಕರೆತಂದಿತು. ನಮ್ಮ ಹಳೆಯ ಬಚ್ಚಲುಮನೆಗಳಲ್ಲಿ ಇದ್ದಂಥ, ಒಂದರ ಮೇಲೊಂದು ಓರೆಯಾಗಿ ನಿಲ್ಲುವ ಗಾಜಿನ ಪಟ್ಟಿಗಳು. ಜಡಿಮಳೆಯಲ್ಲೂ ತೆರೆದಿಡಬಹುದು, ನೀರು ಹೊರಗೆ ಜಾರಿ ಗಾಳಿ ಮಾತ್ರ ಒಳಗೆ ಬರುತ್ತದೆ. ಏಪ್ರಿಲಿನ ಉಳ್ಳಾಲದಲ್ಲಿ ಇದಿಲ್ಲದ ಚಿಪ್ಪು ಇಡ್ಲಿಪಾತ್ರೆ.

ದೊಡ್ಡದರ ಕಡೆಗೆ ಮನಸ್ಸು ಎಳೆದಾಗೆಲ್ಲ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ ನೆನಪಾಗುತ್ತಾನೆ. 1885ರಲ್ಲಿ ಬ್ರಿಸ್ಟಲಿನ ಗಾಡಿ ಕಾರ್ಖಾನೆಯಲ್ಲಿ ಮಹಾಗನಿಯ ‘ವಾಂಡರರ್’ ಎಂಬ ಗಾಲಿಮನೆ ಕಟ್ಟಿಸಿ ಎರಡು ಕುದುರೆಗೆ ಹೂಡಿದ. ಎರಡು ಟನ್ನಿನ ಆಸುಪಾಸು ಭಾರ. ಎದುರು ಬರುವವರಿಗೆ ಮುನ್ಸೂಚನೆ ಕೊಡಲು ಆಳೊಬ್ಬ ಮುಂದೆ ಮುಂದೆ ಮೂರು ಚಕ್ರದ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಚಾರ್ಮಾಡಿಯ ತಿರುವಿಗೆ ನನ್ನ ಮುಂದೆ ಸೈಕಲ್ ತುಳಿಯುವವರು ಯಾರು?

ಭಾರಕ್ಕಿಂತಲೂ ನಾಜೂಕಾದದ್ದು ಭಾರ ಕೂರುವ ಜಾಗ. ಕಾರಿನ ಹಿಂದಿನ ಕೊಂಡಿಯ ಗುಂಡಿಗೆ ಟ್ರೈಲರಿನ ಮೂತಿ ಎಷ್ಟು ಒತ್ತಬೇಕು? ಅಮೆರಿಕದ ಲೆಕ್ಕದಲ್ಲಿ ಒಟ್ಟು ತೂಕದ ಶೇ. 10ರಿಂದ 15. ಕಮ್ಮಿಯಾದರೆ ಬಾಲ ಆಡಲು ಶುರು, ಹೆದ್ದಾರಿಯಲ್ಲಿ ಕಾರನ್ನೇ ಆಚೀಚೆ ಎಳೆದಾಡುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ತಪ್ಪುತ್ತದೆ. ಚಾಪೆಯ ಕಮಾನು ಕಟ್ಟಿದ ಎತ್ತಿನಗಾಡಿ ಹೊಡೆಯುತ್ತಿದ್ದ ಅಜ್ಜನಿಗೆ ಈ ಶೇಕಡಾವಾರು ಗೊತ್ತಿರಲಿಲ್ಲ. ಹಿಂದೆ ಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದಾದರೆ ನೊಗ ಹೆಗಲನ್ನು ಅರೆಯುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಜನ ಹತ್ತಿದ ಮೇಲೆ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ, “ಹಿಂದಿನವರು ಸ್ವಲ್ಪ ಮುಂದೆ ಬನ್ನಿ” ಎನ್ನುತ್ತಿದ್ದರಂತೆ. ನೀರಿನ ಟ್ಯಾಂಕು, ಬ್ಯಾಟರಿ, ಅಕ್ಕಿಡಬ್ಬಿ ಎಲ್ಲವೂ ಚಕ್ರದ ಅಚ್ಚಿನ ಹತ್ತಿರವೇ ಇರಲಿ ಎಂದು ನಾನು ಕಾಗದದಲ್ಲಿ ಬರೆದುಕೊಂಡದ್ದು ಅಷ್ಟನ್ನೇ.

ಕಣ್ಣೀರಹನಿಯಾಕಾರದ ಇನ್ನೊಂದು ಜಾತಿಯೂ ಆಸೆ ಹುಟ್ಟಿಸಿತ್ತು. ಒಳಗೆ ಹಾಸಿಗೆ ಮಾತ್ರ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ಬೂತಾಯಿ ಹುರಿಯುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು, ವಾಸನೆ ಹಾಸಿಗೆಗೆ ಹತ್ತದು. ಆದರೆ ಅದರೊಳಗೆ ನಿಲ್ಲಲಾಗುವುದಿಲ್ಲ. ಮೂರು ದಿನ ಬಿಡದ ಮಳೆಯಲ್ಲಿ ಕೂತೇ ಪ್ಯಾಂಟು ಹಾಕಿಕೊಳ್ಳುವ ವಯಸ್ಸು ನನ್ನದಲ್ಲ.

ಟ್ರೈಲರೂ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ, ಎಂಜಿನ್ ಇಲ್ಲದಿದ್ದರೂ. ನೋಂದಣಿ ಆಗಬೇಕು. ಆ ಓಡಾಟ ಇನ್ನೊಂದು ದಿನಕ್ಕಿರಲಿ. ಮೊನ್ನೆ ಸಂಜೆ ದೋಣಿಯವರು ನನ್ನ ಕೈಗೆ ಒಂದು ರೂಪಾಯಿ ನಾಣ್ಯ ಕೊಟ್ಟು, ದಡಕ್ಕೆ ಎಳೆದಿಟ್ಟಿದ್ದ ಹಳೆಯ ದೋಣಿಯ ಮೈ ತಟ್ಟಲು ಹೇಳಿದರು. ಟಣ್, ಟಣ್, ಟಣ್. ಮೂಗಿನ ಹತ್ತಿರ ಬಂದಾಗ, ಟಪ್.

“ಕೇಳಿತಾ? ಗಾಳಿ ಉಂಟು ಅಲ್ಲಿ,” ಎಂದು ಸೀಮೆಸುಣ್ಣದಲ್ಲಿ ಒಂದು ಸುತ್ತು ಗೀರಿದರು. “ನಿಮ್ಮದು ತಯಾರಾದರೆ ದುಡ್ಡು ಕೊಡುವ ಮೊದಲು ಇಡೀ ತಟ್ಟಿ ನೋಡಿ.”

ನಾಣ್ಯ ವಾಪಸು ಕೊಡಲು ಮರೆತು ಮನೆಗೆ ಬಂದೆ.