ಒಂದು ಹೊಡೆತದ ತೀರ್ಪು: ಅಗ್ಗದ ತೋಟಾ, ದುಬಾರಿ ತೋಟಾ

ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರಿರಲಿ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಬೆಳ್ಳಿ ಗೆದ್ದ ಹಾರುವ ಬಿಲ್ಲೆಯ ಸ್ಪರ್ಧೆಯಿರಲಿ, ಕೋವಿ ಹಿಡಿದವರು ಕೇಳುವ ಪ್ರಶ್ನೆ: ದುಬಾರಿ ತೋಟಾ ನಿಜಕ್ಕೂ ಮೇಲೆ? ರೂಢಿಯ ಪರೀಕ್ಷೆಯಲ್ಲಿ ಸುಮಾರು 36.5 ಮೀಟರ್ ದೂರದ ಕಾಗದಕ್ಕೆ ಗುಂಡು ಹಾರಿಸಿ, 75 ಸೆಂ.ಮೀ. ವ್ಯಾಸದ ವೃತ್ತದೊಳಗಿನ ತೂತುಗಳನ್ನು ಎಣಿಸುತ್ತಾರೆ. ಹಲವರು ಒಂದೊಂದೇ ತೋಟಾ ಹಾರಿಸಿ ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ತಕರಾರು ಅದಕ್ಕೆ.

ಲೆಕ್ಕ ಹಾಕಿ ನೋಡಿ. ಬಿಲ್ಲೆ ಸ್ಪರ್ಧೆಯ ತೋಟಾದಲ್ಲಿ 24 ಗ್ರಾಂ ಸೀಸದ ಚರೆ ಇರುತ್ತದೆ. ಚರೆಯ ವ್ಯಾಸ 2.4 ಮಿ.ಮೀ. ಆದರೆ ಒಟ್ಟು ಸುಮಾರು 300 ಚರೆ. ಶೇ. 70, ಅಂದರೆ 210, ವೃತ್ತದೊಳಗೆ ಬೀಳುತ್ತವೆನ್ನೋಣ. ಪ್ರತಿ ಚರೆಯೂ ಸ್ವತಂತ್ರವೆಂದು ಭಾವಿಸಿದರೂ ಮಾನಕ ವಿಚಲನೆ √(300×0.7×0.3), ಸುಮಾರು 8. ಒಂದೇ ಪೆಟ್ಟಿಗೆಯ ಎರಡು ತೋಟಾಗಳೇ 202 ಮತ್ತು 218 ತೋರಿಸಬಹುದು! ಹತ್ತು ತೂತು ಹೆಚ್ಚೆಂದು ದುಬಾರಿಯದನ್ನು ಹೊಗಳುವುದಕ್ಕೆ ಆಧಾರವೆಲ್ಲಿ? ತಲಾ ಹತ್ತು ತೋಟಾ ಹಾರಿಸಿದರೆ ಸರಾಸರಿಯ ಅನಿಶ್ಚಿತತೆ ಎರಡೂವರೆ ಚರೆಗೆ ಇಳಿಯುತ್ತದೆ.

ಹಾಗೆಂದು ವ್ಯತ್ಯಾಸವೇ ಇಲ್ಲವೆನ್ನಲಾರೆ. ದುಬಾರಿ ತೋಟಾದ ಸೀಸದಲ್ಲಿ ಸಾಮಾನ್ಯವಾಗಿ ಆಂಟಿಮನಿ ಹೆಚ್ಚು, ಹೀಗಾಗಿ ಚರೆ ಗಡುಸು. ಮೆದು ಚರೆ ನಳಿಗೆಯೊಳಗಿನ ಒತ್ತಡಕ್ಕೆ ಚಪ್ಪಟೆಯಾಗಿ, ಗಾಳಿಯಲ್ಲಿ ದಾರಿ ತಪ್ಪುತ್ತದೆ. ವ್ಯತ್ಯಾಸ ಇಲ್ಲಿದೆ, ಅದನ್ನು ಕಾಣಲು ಒಂದು ಹೊಡೆತ ಸಾಲದು.

ತರಗತಿಯಲ್ಲಿ ಇದನ್ನು ತೋರಿಸಲು ಕೋವಿ ಬೇಕಿಲ್ಲ. ಆಳಂದ ಸೀಮೆಯ ಮಟಕಿಯಂಥ ಊರಿನಲ್ಲಿ ತೊಗರಿಗೆ ಬರವೇ? ನೆಲದ ಮೇಲೆ ವೃತ್ತ ಎಳೆದು, 300 ಕಾಳನ್ನು ಒಂದೇ ಎತ್ತರದಿಂದ ಹತ್ತು ಬಾರಿ ಸುರಿಸಿ, ಒಳಗೆ ಬಿದ್ದವನ್ನು ಪ್ರತಿಬಾರಿಯೂ ಮಕ್ಕಳಿಂದ ಎಣಿಸಿ. ಸುರಿಯುವ ಕೈಯ ಏರುಪೇರೂ ಸೇರಿ ವಿಚಲನೆ ನಮ್ಮ ಲೆಕ್ಕಕ್ಕಿಂತ ಹೆಚ್ಚೇ ಬಂದೀತು.